ಮುಷ್ಟಿಯಲ್ಲಿದ್ದ ಕೀಲಿ

"ಮಾಡಿಸ್ಲೋ ಬೇಡ್ವೋ, ಅಷ್ಟು ಹೇಳಿಬಿಡಿ ಮೇಡಂ. ನಮ್ಮಣ್ಣನ್ನ ಕೊಂದೋರ ಅಂಗಡೀಲಿ ಇನ್ನೊಂದು ನಿಮಿಷ ಕೂರೋಕೆ ನನ್ನಿಂದ ಆಗಲ್ಲ."

ಚಿಕ್ಕವನು ಮಾತಾಡಿದ್ದು ಸರ್ವೇಯರಮ್ಮನ ಹತ್ತಿರ. ಕಣ್ಣು ನೆಟ್ಟಿದ್ದು ಮಾತ್ರ ಮೇಜಿನ ಆಚೆ ಸ್ಟೂಲಿನಲ್ಲಿ ಕೂತಿದ್ದ ಮೇಷ್ಟ್ರ ಮೇಲೆ.

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಕೂರೋಕೆ ಆಗದಿದ್ರೆ ನಿಂತ್ಕೊಳ್ಳಿ. ಇದ್ದ ಮೂರು ಕುರ್ಚೀಲಿ ಎರಡನ್ನ ಅವತ್ತು ನೀವೇ ಮುರಿದು ಹೋದ್ರಲ್ಲ."

ಅರ್ಧ ಎತ್ತಿದ ಷಟರಿನ ತುಂಬ ಕಲ್ಲೇಟಿನ ಗುಳಿಗಳಿದ್ದವು. ಆ ಕಲ್ಲುಗಳಲ್ಲಿ ಮೊದಲನೆಯದನ್ನು ಎಸೆದವನು ಚಿಕ್ಕವನೇ. ಐದು ವಾರದ ಹಿಂದೆ ಅವನ ಅಣ್ಣ ಒಬ್ಬನೇ ಇಳಿಸುತ್ತಿದ್ದ ಡೀಸೆಲ್ ಕಾರು ದಿಬ್ಬದ ರಸ್ತೆಯ ಏಳನೇ ತಿರುವಿನಲ್ಲಿ ಕೆಳಗೆ ಬಿದ್ದಿತ್ತು. ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಹೆಚ್ಚಿಸುವ ರೀಮ್ಯಾಪ್ ಆಗಿತ್ತೆಂದು ಪೊಲೀಸರು ಬರೆದರು. ಊರಲ್ಲಿ ಬೋರ್ಡು ಹಾಕಿಕೊಂಡು ಆ ಕೆಲಸ ಮಾಡುವವರು ಮೇಷ್ಟ್ರೊಬ್ಬರೇ ಎಂದು ಜನ ಸೇರಿಸಿಕೊಂಡರು.

ಸರ್ವೇಯರಮ್ಮ ಆತುರಪಡಲಿಲ್ಲ. ಅಪಘಾತವಾದ ಗಾಡಿಗಳನ್ನು ವಿಮಾ ಕಂಪನಿಯ ಪರವಾಗಿ ಪರೀಕ್ಷಿಸುವುದು ಅವರ ಇಪ್ಪತ್ತಾರು ವರ್ಷದ ಕೆಲಸ. ನುಜ್ಜುಗುಜ್ಜಾದ ತಗಡು ಮನುಷ್ಯರಿಗಿಂತ ಕಡಿಮೆ ಸುಳ್ಳು ಹೇಳುತ್ತದೆ ಎನ್ನುವುದು ಅವರ ಅನುಭವ. ಮಡಿಲಲ್ಲಿ ಊಟದ ಡಬ್ಬಿಯ ಚೀಲವಿತ್ತು. ಅದನ್ನು ಅವರು ಬಂದಾಗಿನಿಂದ ಕೆಳಗಿಟ್ಟಿರಲಿಲ್ಲ.

"ನಿನ್ನ ಕಷ್ಟ ಮೇಷ್ಟ್ರಿಗೆ ಮೊದಲು ಹೇಳಪ್ಪ. ಆಮೇಲೆ ಬೈಯುವಿಯಂತೆ."

ಚಿಕ್ಕವನು ಗೋಡೆಗೆ ಒರಗಿ ನಿಂತ. ಹೇಳುವುದಕ್ಕೆ ಹೆಚ್ಚೇನಿರಲಿಲ್ಲ. ಅಣ್ಣ ತಮ್ಮ ಒಂದೇ ದಿನ ಒಂದೇ ಮಾಡಲಿನ ಎರಡು ಬಿಳಿ ಕಾರು ಕೊಂಡಿದ್ದರು. ಡಯಾಲಿಸಿಸ್ ರೋಗಿಗಳನ್ನು ದಿಬ್ಬದ ಮೇಲಿನ ಆಸ್ಪತ್ರೆಗೆ ಹತ್ತಿಸುವುದು, ಮೂರು ಗಂಟೆಗೆ ಇಳಿಸುವುದು. ರೋಗಿಗಳ ಜೊತೆಗೆ ಅತ್ತಿಗೆ ಹೋಗುತ್ತಿದ್ದರು. ಈಗ ಉಳಿದಿರುವುದು ಒಂದೇ ಕಾರು.

"ಸೋಮವಾರದಿಂದ ಒಂದೇ ಸಲಕ್ಕೆ ನಾಲ್ಕು ಜನ, ಒಂದು ವೀಲ್‌ಚೇರು, ನಲವತ್ತು ನಿಮಿಷದೊಳಗೆ ಮೇಲಿರಬೇಕು ಅಂತ ಆಸ್ಪತ್ರೆಯವರು ಅಂದಿದ್ದಾರೆ. ಆಗದಿದ್ರೆ ಬೇರೆಯವರಿಗೆ ಕೊಡ್ತಾರಂತೆ. ಈ ಗಾಡಿ ನೋಡಿದ್ರೆ ಎರಡನೇ ಗೇರಲ್ಲಿ ಅಳ್ತಾ ಹತ್ತುತ್ತೆ. ಮಾವ ರೀಮ್ಯಾಪ್ ಮಾಡಿಕೊಡ್ತೀನಿ, ಸಂಜೆ ತಂದು ಬಿಡು ಅಂದಿದ್ದಾರೆ. ಕೊಡೋದು ಅಂತಿದ್ದೆ. ಈ ಮೇಡಂ ಅಡ್ಡ ಬಂದು ಇಲ್ಲಿಗೆ ಎಳ್ಕೊಂಡು ಬಂದ್ರು."

"ಯಾವ ಮಾವ? ಗ್ಯಾರೇಜ್ ಮಾವನಾ?" ಎಂದರು ಮೇಷ್ಟ್ರು.

"ನಮ್ಮಮ್ಮನ ತಮ್ಮ. ನಮ್ಮ ಗಾಡಿಗಳಿಗೆ ಹುಟ್ಟಿದಾಗಿನಿಂದ ಅವರೇ ಡಾಕ್ಟರು."

"ಆಸ್ಪತ್ರೆಯ ಓಡಾಟದ ಗುತ್ತಿಗೆ ಮೊದಲು ಅವರದೇ ಅಲ್ವಾ? ನಾಲ್ಕು ವರ್ಷದ ಹಿಂದೆ ಅವರಿಂದ ಬಿಡಿಸಿ ನಿಮಗೆ ಕೊಟ್ಟರು."

"ಅದಕ್ಕೇನೀಗ? ಮಾವ ಒಂದು ದಿನ ಮುಖ ಸಿಂಡರಿಸಿದವರಲ್ಲ."

ಚಿಕ್ಕವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ನೋಡಿ, ಹಾಗೇ ಒಳಗಿಟ್ಟ. "ಅವರೇ. ಬೆಳಿಗ್ಗೆಯಿಂದ ಮಾಡ್ತಾನೇ ಇದ್ದಾರೆ."

ಗೋಡೆಯ ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು.

ಮೇಷ್ಟ್ರು ಡ್ರಾಯರಿನಿಂದ ಉದ್ದನೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ರೀಮ್ಯಾಪ್ ಅಂದ್ರೆ ವಿಷ ಅಲ್ಲ ಕಣಪ್ಪ. ಎಂಜಿನ್ ಮಾಡಿದೋರು ಎಚ್ಚರಿಕೆಗೆ ಅಂತ ಸ್ವಲ್ಪ ಜಾಗ ಬಿಟ್ಟಿರ್ತಾರೆ. ಗಾಳಿ ಊದೋ ಟರ್ಬೊ, ಕ್ಲಚ್ಚು, ಬ್ರೇಕು ಮೂರೂ ಗಟ್ಟಿಯಿದ್ರೆ ಅದರಲ್ಲಿ ಅರ್ಧ ಬಳಸಿಕೋಬಹುದು. ಪೂರ್ತಿ ಬಳಸಿದ್ರೆ ನಿನ್ನ ಹಣೆಬರಹ. ಅದಕ್ಕೇ ನಾನು ಬಂದೋರ ಕೈಲಿ ಮೊದಲು ಬರೆಸ್ತೀನಿ. ಬರೆಯೋಕೆ ಕೂತ ಮೇಲೆ ಅರ್ಧಕ್ಕರ್ಧ ಜನ ಎದ್ದು ಹೋಗ್ತಾರೆ."

"ಪಾಠ ಸಾಕು ಮೇಷ್ಟ್ರೇ," ಎಂದು ಸರ್ವೇಯರಮ್ಮ ನಕ್ಕರು. "ಆ ಪುಟ ತೋರಿಸಿ."

ಪುಟದ ಮೇಲೆ ಮೇಷ್ಟ್ರ ಕೈಬರಹದಲ್ಲಿ ಮೂರು ಪ್ರಶ್ನೆಗಳಿದ್ದವು. ಯಾಕೆ ಬೇಕು? ಗಾಡಿಯಲ್ಲಿ ಯಾರು ಕೂರುತ್ತಾರೆ? ಮಾರುವಾಗ ಕೊಳ್ಳುವವರಿಗೆ ಹೇಳುತ್ತೀರಾ? ಕೆಳಗಿನ ಅಕ್ಷರ ಬೇರೆಯದು. ಎಡಕ್ಕೆ ವಾಲಿದ, ಒತ್ತಿ ಬರೆದ ಅಕ್ಷರ. ಪ್ರತಿದಿನ ರೋಗಿಗಳ ಪಟ್ಟಿ ಬರೆಯುತ್ತಿದ್ದ ಅಣ್ಣನ ಕೈ ಅದು. ಚಿಕ್ಕವನು ಗೋಡೆ ಬಿಟ್ಟು ಹತ್ತಿರ ಬಂದ.

ಮೊದಲ ಪ್ರಶ್ನೆಗೆ ಎರಡು ಸಾಲು ಬರೆದು ಹೊಡೆದುಹಾಕಲಾಗಿತ್ತು. ಅದರ ಕೆಳಗೆ ಇಷ್ಟೇ ಇತ್ತು: 'ಬೇಡ. ಇಬ್ಬಿಬ್ಬರಂತೆ ಎರಡು ಸಲ ಹತ್ತಿಸುತ್ತೇನೆ. ಅರ್ಧ ಗಂಟೆ ಮುಂಚೆ ಎದ್ದರೆ ಆಯಿತು.'

"ಅಣ್ಣ ಮಾಡಿಸಲಿಲ್ವಾ?" ಚಿಕ್ಕವನ ಧ್ವನಿ ಇಳಿದಿತ್ತು.

"ಇಲ್ಲ. ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಿ, ಒಳಗೆ ಏನಿದೆ ಅಂತ ಓದಿದ್ದೆ. ಅಷ್ಟೇ. ಬೇಡ ಅಂದ್ರು, ಹಾಗೇ ಮುಚ್ಚಿ ಕೊಟ್ಟೆ."

"ಹಾಗಾದ್ರೆ ಪೊಲೀಸರಿಗೆ ಸಿಕ್ಕಿದ್ದು?"

"ಅದನ್ನ ನಾನು ಕೇಳ್ತೀನಿ," ಎಂದರು ಸರ್ವೇಯರಮ್ಮ. ನಗು ಹೋಗಿತ್ತು. "ಮೇಷ್ಟ್ರೇ, ಪೆಟ್ಟಿಗೆ ಮುಚ್ಚಿದ ಮೇಲೆ ನೀವು ಒಂದು ಕೆಲಸ ಮಾಡ್ತೀರಿ. ಹೇಳಿಕೆಯಲ್ಲಿ ಹೇಳಿದ್ದೀರಿ."

"ಮುಚ್ಚಳದ ನಾಲ್ಕು ಸ್ಕ್ರೂಗಳ ಮೇಲೆ ನೇಲ್ ಪಾಲಿಶ್ ಚುಕ್ಕೆ ಇಡ್ತೀನಿ. ಅರ್ಧ ಸ್ಕ್ರೂ ಮೇಲೆ, ಅರ್ಧ ಮುಚ್ಚಳದ ಮೇಲೆ. ನನ್ನ ನಂತರ ಯಾರಾದ್ರೂ ತಿರುಗಿಸಿದ್ರೆ ಚುಕ್ಕೆ ಒಡೆಯುತ್ತೆ. ನಮ್ಮ ಮನೆಯವಳದು, ಕೆಂಪು. ಕಡಿಮೆಯಾಗ್ತಾ ಇದೆ ಅಂತ ದಿನಾ ಜಗಳ."

ಸರ್ವೇಯರಮ್ಮ ಊಟದ ಚೀಲದಿಂದ ಡಬ್ಬಿ ತೆಗೆಯಲಿಲ್ಲ. ಬಟ್ಟೆ ಸುತ್ತಿದ ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆ ತೆಗೆದರು. ಎಂಜಿನ್ನಿಗೆ ಎಷ್ಟು ಡೀಸೆಲ್, ಎಷ್ಟು ಗಾಳಿ ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಅದು. ಒಂದು ಮೂಲೆ ಜಜ್ಜಿಹೋಗಿತ್ತು.

"ದೊಡ್ಡವನ ಗಾಡಿಯದು. ಸಂಜೆಯೊಳಗೆ ವಾಪಸ್ ಕೊಡ್ತೀನಿ ಅಂತ ಇನ್ಸ್‌ಪೆಕ್ಟರಿಗೆ ಬರೆದುಕೊಟ್ಟು ತಂದಿದ್ದೀನಿ. ಸ್ಕ್ರೂ ನೋಡಿ."

ಮೇಷ್ಟ್ರು ನೋಡಿದರು. ದೀಪದ ಕೆಳಗೆ ಹಿಡಿದು ಮತ್ತೆ ನೋಡಿದರು. ಅವರ ಮೇಲ್ತುಟಿಯ ಮೇಲೆ ಬೆವರು ಮೂಡಿತು.

ನಾಲ್ಕರಲ್ಲಿ ಒಂದರ ಮೇಲೂ ಕೆಂಪು ಇರಲಿಲ್ಲ.

"ಸಿಕ್ಕಿಬಿದ್ರಲ್ಲ!" ಚಿಕ್ಕವನು ಮೇಜಿಗೆ ಗುದ್ದಿದ. "ಪುಸ್ತಕದಲ್ಲಿ ಬೇಡ ಅಂತ ಬರೆಸಿ, ಹಿಂದಿನಿಂದ ಮಾಡಿ ಕೊಟ್ಟಿದ್ದೀರಿ!"

"ಬಣ್ಣ ಕೆರೆದಿರಬಹುದು..." ಎಂದರು ಮೇಷ್ಟ್ರು. ಅವರಿಗೇ ಆ ಮಾತಿನಲ್ಲಿ ನಂಬಿಕೆ ಇದ್ದಂತಿರಲಿಲ್ಲ.

"ಕೆರೆದಿಲ್ಲ. ಸ್ಕ್ರೂ ಅಂಚುಗಳಲ್ಲಿ ಎಣ್ಣೆ ಹಿಡಿದ ಧೂಳು ಹಾಗೇ ಇದೆ. ಬಣ್ಣ ಕೆರೆದೋನು ಧೂಳನ್ನ ಬಿಟ್ಟು ಕೆರೆಯೋಕಾಗಲ್ಲ." ಸರ್ವೇಯರಮ್ಮ ಎದ್ದರು. "ಹೊರಗೆ ಬಾರಪ್ಪ. ನಿನ್ನ ಗಾಡಿ ಬಾನೆಟ್ ಎತ್ತು."

"ನನ್ನದಾ? ನನ್ನ ಗಾಡಿ ಈ ಅಂಗಡಿ ಮುಖ ನೋಡಿದ್ದೇ ಇವತ್ತು!"

"ಅದಕ್ಕೇ ಹೇಳ್ತಿರೋದು. ಎತ್ತು."

ಬಿಸಿಲಿಗೆ ಬಾನೆಟ್ ಕಾದಿತ್ತು. ಅಂಗಿಯ ತೋಳು ಎಳೆದುಕೊಂಡು ಚಿಕ್ಕವನು ಅದನ್ನು ಎತ್ತಿ ಕಡ್ಡಿ ಕೊಟ್ಟ. ಬ್ಯಾಟರಿಯ ಪಕ್ಕ, ವೈರುಗಳ ಗೊಂಚಲಿನ ಹಿಂದೆ ಅಂಥದೇ ಪೆಟ್ಟಿಗೆ ಕೂತಿತ್ತು. ಸರ್ವೇಯರಮ್ಮ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು.

ನಾಲ್ಕು ಮೂಲೆಯಲ್ಲಿ ನಾಲ್ಕು ಕೆಂಪು ಚುಕ್ಕೆಗಳು. ಒಂದೂ ಒಡೆದಿರಲಿಲ್ಲ.

ರಸ್ತೆಯಲ್ಲಿ ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು.

"ಇದು... ಅಣ್ಣನ ಪೆಟ್ಟಿಗೆ," ಎಂದ ಚಿಕ್ಕವನು.

"ಹೌದು. ಬಿದ್ದ ಗಾಡೀಲಿ ಇದ್ದದ್ದು ನಿನ್ನದು." ಸರ್ವೇಯರಮ್ಮ ಅವನ ಮುಖ ನೋಡುತ್ತಲೇ ಕೇಳಿದರು. "ಎರಡೂ ಗಾಡಿ ಒಟ್ಟಿಗೆ ಯಾವಾಗ ಬಿಚ್ಚಿದ್ದು?"

"ವೀಲ್‌ಚೇರಿಗೆ ಹಿಂದುಗಡೆ ಕ್ಲಾಂಪ್ ಕೂರಿಸೋಕೆ. ಅಣ್ಣ ಹೋಗೋ ಒಂದು ವಾರ ಮುಂಚೆ. ಮಾವನ ಗ್ಯಾರೇಜಲ್ಲಿ ಎರಡಕ್ಕೂ ಒಂದೇ ದಿನ ವೆಲ್ಡಿಂಗ್ ಆಯ್ತು."

ಮೇಷ್ಟ್ರು ತಲೆ ಚಚ್ಚಿಕೊಂಡರು. "ವೆಲ್ಡಿಂಗ್ ಹಿಡಿಯೋ ಮುಂಚೆ ಪೆಟ್ಟಿಗೆ ಬಿಚ್ಚಿ ಇಡಲೇಬೇಕು, ಇಲ್ಲದಿದ್ರೆ ಸುಟ್ಟುಹೋಗುತ್ತೆ. ಎರಡೂ ಬಿಳಿ ಗಾಡಿ, ಒಂದೇ ಮಾಡಲ್. ಪೆಟ್ಟಿಗೆಗಳನ್ನ ಅಕ್ಕಪಕ್ಕ ಇಟ್ಟಿರ್ತಾರೆ. ವಾಪಸ್ ಕೂರಿಸುವಾಗ ಅದಲುಬದಲು! ಹಳೇ ಮಾಡಲ್ ನೋಡಿ, ಈ ಕೀಲಿಗೂ ಪೆಟ್ಟಿಗೆಗೂ ಪರಿಚಯವೇ ಇಲ್ಲ. ಯಾವುದನ್ನ ಯಾವುದಕ್ಕೆ ಹಾಕಿದ್ರೂ ಸ್ಟಾರ್ಟ್ ಆಗುತ್ತೆ."

"ನಿಮ್ಮ ಅತ್ತಿಗೆ ನನಗೊಂದು ಮಾತು ಹೇಳಿದ್ರು," ಎಂದರು ಸರ್ವೇಯರಮ್ಮ. "ಕೊನೇ ವಾರ ದೊಡ್ಡವನು ಊಟಕ್ಕೆ ಕೂತಾಗೆಲ್ಲ ಅದೇ ಮಾತಂತೆ. 'ಗಾಡಿಗೆ ಏನಾಯ್ತೋ ಗೊತ್ತಿಲ್ಲ ಕಣೇ, ದಿಬ್ಬ ಹತ್ತೋದೇ ಗೊತ್ತಾಗಲ್ಲ.' ಅದೇ ವಾರದಿಂದ ನಿನ್ನ ಗಾಡಿ ಅಳೋಕೆ ಶುರುವಾಯ್ತು. ಅಲ್ವಾ?"

ಚಿಕ್ಕವನು ಬಾನೆಟ್ಟಿನ ಕಡ್ಡಿ ಹಿಡಿದುಕೊಂಡ.

"ನಿನ್ನ ಗಾಡಿಯ ಶಕ್ತಿ ಕಡಿಮೆಯಾಗಲಿಲ್ಲ ಕಣಪ್ಪ. ಅಣ್ಣನ ಗಾಡಿಗೆ ಹೋಯ್ತು."

ಒಳಗೆ ಮೇಷ್ಟ್ರು ಆಗಲೇ ಜಜ್ಜಿದ ಪೆಟ್ಟಿಗೆಗೆ ವೈರು ಸಿಕ್ಕಿಸುತ್ತಿದ್ದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು ಪಟ್ಟಿ ಮೆಲ್ಲಗೆ ತುಂಬಿತು. ಮೇಲೆ ಚಾಸಿ ನಂಬರ್ ಮೂಡಿತು. ಕೊನೆಯ ನಾಲ್ಕು ಅಂಕಿಗಳನ್ನು ಮೇಷ್ಟ್ರು ಗಟ್ಟಿಯಾಗಿ ಓದಿದರು. ಚಿಕ್ಕವನು ತನ್ನ ಗಾಡಿಯ ಪುಸ್ತಕ ತೆಗೆಯಲಿಲ್ಲ. ಆ ನಂಬರ್ ಅವನಿಗೆ ಬಾಯಿಪಾಠ.

"ಈಗ ಹೇಳು," ಎಂದರು ಸರ್ವೇಯರಮ್ಮ. ಧ್ವನಿಯಲ್ಲಿ ಗದರಿಕೆ ಇರಲಿಲ್ಲ. ಮಗುವಿನ ಕಾಲಿನ ಮುಳ್ಳು ತೆಗೆಯುವವರ ಹಾಗೆ ಮೆಲ್ಲಗೆ, ಬಿಡದೆ ಕೇಳಿದರು. "ಈ ಪೆಟ್ಟಿಗೆಗೆ ರೀಮ್ಯಾಪ್ ಮಾಡಿದ್ದು ಯಾರು?"

"ನನಗೆ ಗೊತ್ತಿಲ್ಲ."

"ಪರದೇಲಿ ತಾರೀಖಿದೆ, ನಿನ್ನ ಗಾಡಿ ಮೂರು ತಿಂಗಳು ಹಾರಾಡಿತು. ಓಡಿಸಿದೋನಿಗೆ ಗೊತ್ತಾಗಲಿಲ್ಲ ಅಂದ್ರೆ ನನ್ನಂಥವಳು ಮನೇಲಿ ಸ್ವೆಟರ್ ಹೆಣೀಬೇಕು."

ಚಿಕ್ಕವನು ಉಳಿದಿದ್ದ ಆ ಒಂದೇ ಕುರ್ಚಿಯ ಮೇಲೆ ಕುಸಿದು ಕೂತ.

"ಮಾವ," ಎಂದ. "ಅಣ್ಣನಿಗೆ ಹೇಳಬೇಡ, ಬೈತಾನೆ ಅಂದ್ರು. ನಿನಗೆ ಮಾತ್ರ ಮಾಡಿಕೊಡ್ತೀನಿ, ನೀನು ನನ್ನ ಮುದ್ದಿನ ಅಳಿಯ ಅಂದ್ರು. ಅಣ್ಣ ಹೋದ ಮೇಲೆ ಅವರೇ ಅಂದದ್ದು, ಇದು ಮೇಷ್ಟ್ರದೇ ಕೆಲಸ ಅಂತ. ನಾನು ನಂಬಿದೆ. ನಾನು..." ಷಟರಿನ ಗುಳಿಗಳ ಕಡೆ ನೋಡಿ ತಲೆ ತಗ್ಗಿಸಿದ. "ಅಣ್ಣನನ್ನ ಕೊಂದದ್ದು ನಾನು ಮಾಡಿಸಿದ ಕೆಲಸ."

ಮೇಷ್ಟ್ರು ಎದ್ದು ಹೂಜಿಯಿಂದ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟರು. ಕಲ್ಲು ಹೊಡೆದವನಿಗೆ ಕೊಡುತ್ತಿದ್ದೇನೆ ಎಂಬ ಬಿಗು ಆ ಕೈಯಲ್ಲಿರಲಿಲ್ಲ.

"ಮಾವನಿಗೆ ಕೆಲಸ ಬರಲ್ಲ ಅಂತ ಬರೆದುಕೊಳ್ಳೋಣವಾ ಮೇಷ್ಟ್ರೇ?" ಎಂದರು ಸರ್ವೇಯರಮ್ಮ.

ಮೇಷ್ಟ್ರು ಪರದೆಯ ಹತ್ತಿರ ಬಗ್ಗಿದ್ದರು. ಸಾಲುಗಳನ್ನು ಒಂದೊಂದಾಗಿ ಕೆಳಗೆ ಸರಿಸಿದರು. ಆಮೇಲೆ ಬೆರಳಿಟ್ಟು ಒಂದು ಸಾಲು ತೋರಿಸಿದರು.

"ಬರಲ್ಲ ಅನ್ನಬೇಡಿ. ಚೆನ್ನಾಗಿ ಬರುತ್ತೆ. ಟರ್ಬೊ ಇಷ್ಟಕ್ಕಿಂತ ಜೋರಾಗಿ ಊದಬಾರದು ಅಂತ ಒಂದು ಮಿತಿ ಇರುತ್ತೆ. ಶಕ್ತಿ ಬೇಕಾದೋರು ಅದನ್ನ ಸ್ವಲ್ಪ ಮೇಲೆ ತಳ್ತಾರೆ. ಇಲ್ಲಿ ಮಿತೀನೇ ಕಿತ್ತು ಹಾಕಿದ್ದಾರೆ. ಅದನ್ನಾದ್ರೂ ದುರಾಸೆ ಅನ್ನಬಹುದು. ಇದು ನೋಡಿ. ಏನಾದ್ರೂ ಕೆಟ್ಟರೆ ಡ್ರೈವರ್ ಮುಂದೆ ಹತ್ತೋ ದೀಪ. ಅದನ್ನ ಸಾಯಿಸಿದ್ದಾರೆ." ಕನ್ನಡಕದ ಮೇಲಿನಿಂದ ನೋಡಿದರು. "ದೀಪ ಆರಿಸಿದ್ರೆ ಗಾಡಿಗೆ ಶಕ್ತಿ ಹೆಚ್ಚಲ್ಲ ಮೇಡಂ. ಒಂದು ಕೂದಲೆಳೆಯಷ್ಟೂ ಹೆಚ್ಚಲ್ಲ."

ಸರ್ವೇಯರಮ್ಮನಿಗೆ ಐದು ವಾರದಿಂದ ನಿದ್ದೆ ಕೆಡಿಸಿದ್ದ ಒಂದು ಚಿತ್ರ ಈಗ ನೇರವಾಗಿ ನಿಂತಿತು. ದೊಡ್ಡವನ ಬಲಗೈ ಮುಷ್ಟಿ. ಆಸ್ಪತ್ರೆಯವರು ಬಿಡಿಸಬೇಕಾಯಿತು. ಒಳಗೆ ಕಾರಿನ ಕೀಲಿ. ಓಡುತ್ತಿರುವ ಗಾಡಿಯ ಕೀಲಿ ಕಿತ್ತುಕೊಂಡನೆಂದರೆ ಸಾಯಬೇಕೆಂದೇ ಹೊರಟಿದ್ದಾನೆ ಎಂದು ಒಬ್ಬ ಪೊಲೀಸಪ್ಪ ಹೇಳಿದ್ದ.

"ಸಾಯೋಕಲ್ಲ," ಎಂದರು ತಮಗೆ ತಾವೇ ಹೇಳಿಕೊಳ್ಳುವಂತೆ. "ನಿಲ್ಲಿಸೋಕೆ."

"ಏನು ಮೇಡಂ?" ಎಂದ ಚಿಕ್ಕವನು.

"ಟರ್ಬೊ ಒಡೆದ್ರೆ ಎಂಜಿನ್ ಆಯಿಲ್ ಒಳಗೆ ನುಗ್ಗುತ್ತೆ. ಡೀಸೆಲ್ ಎಂಜಿನ್ ತನ್ನ ಎಣ್ಣೇನ ತಾನೇ ಕುಡಿದು ಓಡೋಕೆ ಶುರು ಮಾಡುತ್ತೆ. ಹಿಂದೆ ಮೋಡದ ಹಾಗೆ ಹೊಗೆ. ಕೀಲಿ ತಿರುಗಿಸಿ ಆಫ್ ಮಾಡಿದ್ರೂ ನಿಲ್ಲಲ್ಲ. ನಿಮ್ಮಣ್ಣ ಆಫ್ ಮಾಡಿದ. ನಿಲ್ಲಲಿಲ್ಲ. ಗಾಬರೀಲಿ ಕೀಲಿ ಕಿತ್ತ. ಕೀಲಿ ಕಿತ್ತ ಮೇಲೆ ಸ್ಟೇರಿಂಗ್ ಲಾಕ್ ಆಗುತ್ತೆ. ಮುಂದೆ ಏಳನೇ ತಿರುವು." ಒಂದು ಉಸಿರು ಬಿಟ್ಟರು. "ಕೊನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟಿದ್ರೆ ಎಂಜಿನ್ ಉಸಿರುಗಟ್ಟಿ ನಿಲ್ತಿತ್ತು. ಯಾರೂ ಹೇಳಿಕೊಡದ ಪಾಠ ಅದು."

ಚಿಕ್ಕವನು ಲೋಟ ಕೆಳಗಿಟ್ಟ. "ಅಂದ್ರೆ ಆ ಪೆಟ್ಟಿಗೆ ನನ್ನ ಗಾಡೀಲೇ ಇದ್ದಿದ್ರೆ..."

"ನೀನು," ಎಂದರು ಸರ್ವೇಯರಮ್ಮ. "ನಿನಗೇ ಅಂತ ಮಾಡಿದ್ದು."

ಫೋನು ಮತ್ತೆ ಗುಂಯ್‌ಗುಟ್ಟಿತು.

ಸರ್ವೇಯರಮ್ಮ ತುಟಿಯ ಮೇಲೆ ಬೆರಳಿಟ್ಟು, ಸ್ಪೀಕರಿಗೆ ಹಾಕುವಂತೆ ಸನ್ನೆ ಮಾಡಿದರು.

"ಅಳಿಯಾ, ಎಲ್ಲಿದ್ದೀಯೋ? ಫೋನ್ ಎತ್ತೋಕೂ ಮುಹೂರ್ತ ನೋಡ್ತೀಯಾ?" ದೊಡ್ಡ ಬಾಯಿಯ, ಪ್ರೀತಿಯ ಧ್ವನಿ. ಹಿಂದೆ ಗ್ರೈಂಡರಿನ ಕಿರುಗುಟ್ಟು.

"ಇಲ್ಲೇ ಮಾವ. ಟೈರ್ ಅಂಗಡೀಲಿ."

"ಟೈರ್ ಅಂಗಡೀಲೋ, ಮೇಷ್ಟ್ರ ಅಂಗಡೀಲೋ?"

ಗ್ರೈಂಡರ್ ನಿಂತಿತು. ಆ ನಿಶ್ಶಬ್ದದಲ್ಲಿ ಮಾವನ ಉಸಿರು ಕೇಳಿಸಿತು.

"ಆ ಕಡೆಯಿಂದ ಬಂದೋರು ನಿನ್ನ ಗಾಡಿ ನೋಡಿದ್ರು ಕಣೋ. ನನಗ್ಯಾಕೆ ಕೋಪ ಬರುತ್ತೆ? ಒಂದೇ ಮಾತು ಹೇಳು. ಬಾನೆಟ್ ತೆಗೆದ್ರಾ?"

ಚಿಕ್ಕವನು ಸರ್ವೇಯರಮ್ಮನ ಮುಖ ನೋಡಿದ. ಅವರು ಇಲ್ಲ ಎನ್ನುವಂತೆ ತಲೆಯಾಡಿಸಿದರು.

"ಇಲ್ಲ ಮಾವ."

"ಜಾಣ. ತೆಗೆಯೋಕೆ ಬಿಡಬೇಡ. ಸಂಜೆ ನೇರವಾಗಿ ನನ್ನ ಹತ್ತಿರ ತಂದುಬಿಡು. ಮೂರು ಗಂಟೆ ಟ್ರಿಪ್ಪಿನ ಚಿಂತೆ ಬೇಡ. ನೀನು ಫೋನ್ ಎತ್ತಲಿಲ್ಲ ನೋಡು, ನನ್ನ ಬೂದು ಗಾಡಿ ಕಳಿಸಿಬಿಟ್ಟೆ. ನನಗೆ ಕೈತುಂಬ ಕೆಲಸ. ಕೀಲಿ ನಿಮ್ಮ ಅತ್ತಿಗೆ ಕೈಗೇ ಕೊಟ್ಟೆ. ಹೇಗೂ ಓಡಿಸೋದು ಬರುತ್ತಲ್ಲ. ಮೊನ್ನೆ ತಾನೇ ಮ್ಯಾಪ್ ಮಾಡಿದ ಗಾಡಿ. ಹಕ್ಕಿ ಹಾಗೆ ಇಳಿಯುತ್ತೆ."

ಫೋನು ಕಟ್ಟಾಯಿತು.

ಮೇಷ್ಟ್ರು ಗಡಿಯಾರ ನೋಡಿದರು. ಮೂರು ದಾಟಿ ಎಂಟು ನಿಮಿಷ.

"ಓಡಾಟದ ಗುತ್ತಿಗೆ ಈಗ ಯಾರ ಹೆಸರಲ್ಲಿದೆ?" ಎಂದರು ಸರ್ವೇಯರಮ್ಮ. ಉತ್ತರ ಅವರಿಗೆ ಗೊತ್ತಿತ್ತು.

"ನನ್ನದು, ಅತ್ತಿಗೇದು."

"ಅತ್ತಿಗೆಗೆ ಫೋನ್ ಹಚ್ಚು."

ಚಿಕ್ಕವನ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ರಿಂಗಾಯಿತು. ಐದು, ಆರು, ಏಳು. ಕೊನೆಗೆ ಎತ್ತಿದ್ದು ಗಂಡು ಧ್ವನಿ.

"ಹಲೋ, ಡ್ರೈವರಮ್ಮ ಸ್ಟೇರಿಂಗ್ ಮೇಲಿದ್ದಾರೆ. ಕಂಡಕ್ಟರ್ ಮಾತಾಡ್ತಿದ್ದೀನಿ. ಯಾರು ಬೇಕಾಗಿತ್ತು?"

ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುವ ಕಂಡಕ್ಟರ್ ಅಜ್ಜ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು, ಈಗ ಯಾವ ಗಾಡಿ ಹತ್ತಿದರೂ ಅದೇ ಮಾತು.

"ಅಜ್ಜಾ, ನಾನು. ಎಲ್ಲಿದ್ದೀರಿ?"

"ಓಹೋ, ಸಾಹುಕಾರ್ರು! ಐದನೇ ತಿರುವು ಈಗ ದಾಟಿತು. ಏನು ಗಾಡಿ ಕೊಟ್ಟಿದ್ದೀರಪ್ಪ! ಇಳಿಜಾರಲ್ಲಿ ಕುದುರೆ ಕುದುರೆ. ಆದ್ರೆ ಹಿಂದುಗಡೆ ಏನೋ ಹೊಗೆ. ಬೆಳ್ಳಗೆ. ಹಿಂದಿನ ಸೀಟಿನ ಅಕ್ಕ ಕೆಮ್ಮಿ ಕೆಮ್ಮಿ..."

ಮುಂದಿನ ಮಾತು ಮುಳುಗಿಹೋಯಿತು. ಎಂಜಿನ್ನಿನ ಸದ್ದು ಏರಿತು, ಇನ್ನೂ ಏರಿತು, ಕಾಲಿಟ್ಟು ಒತ್ತಿದಾಗ ಬರುವ ಸದ್ದಲ್ಲ, ಯಾರ ಮಾತೂ ಕೇಳದ ಕೂಗು. ನಡುವೆ ಅತ್ತಿಗೆಯ ಧ್ವನಿ ತೆಳ್ಳಗೆ ಬಂತು. "ಕಾಲು ತೆಗೆದಿದ್ದೀನಿ! ಕಾಲು ತೆಗೆದಿದ್ದೀನಿ ಅಜ್ಜಾ!"

ಸರ್ವೇಯರಮ್ಮ ಫೋನನ್ನು ಕಿತ್ತುಕೊಂಡರು. "ಅಜ್ಜಾ, ನನ್ನ ಮಾತು ಕೇಳಿ! ಅವಳಿಗೆ ಹೇಳಿ, ಕೊನೇ ಗೇರಿಗೆ..."

"ಗಾಬರಿಯಾಗಬೇಡಿ, ಗಾಬರಿಯಾಗಬೇಡಿ," ಅಜ್ಜ ಆ ಕಡೆಯಿಂದ ಎಂಜಿನ್ನಿನ ಮೇಲೆ ಕೂಗುತ್ತಿದ್ದರು. ಬಸ್ಸಿನ ತುಂಬ ಜನರನ್ನು ಸುಮ್ಮನಾಗಿಸಿದ ಅಭ್ಯಾಸದ ಗಂಟಲು. "ಆಫ್ ಮಾಡಿದ್ಲು. ಆದ್ರೂ ನಿಲ್ತಾ ಇಲ್ಲ ಹಾಳಾದ್ದು. ಕೀಲಿ ಕಿತ್ತು ನನ್ನ ಕೈಗೆ ಕೊಡಮ್ಮ ಅಂದಿದ್ದೀನಿ."